ಗೋಳಗುಮ್ಮಟದ ಊರಿನಲ್ಲಿ ಒಂದು ರೊಟ್ಟಿಗಾಗಿ

ವಿಜಯಪುರಕ್ಕೆ ಹೋಗಿ ಬಂದು ನಾಲ್ಕು ದಿನಗಳಾದರೂ ಸಿಟ್ಟು ಇಳಿದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಸಿಟ್ಟು ಮಳೆಯ ಮೇಲಲ್ಲ. ಸೆಪ್ಟೆಂಬರಿನ ಮಳೆಯ ಹಸಿಯನ್ನು ಹಿಡಿದಿಟ್ಟುಕೊಳ್ಳುವ ಎರೆ ಭೂಮಿಯಲ್ಲಿಯೇ ಅಲ್ಲಿನ ಹಿಂಗಾರಿ ಬಿಳಿಜೋಳ ಬೆಳೆಯುವುದು. ಎರಡು ದಿನ ನೆನೆದೆವೆಂದು ನಾವು ಗೊಣಗಿದರೆ ರೈತರು ನಕ್ಕಾರು. ಆದರೆ ಅದೇ ಜೋಳದ ಊರಿನಲ್ಲಿ, ಹಣ ಕೊಟ್ಟರೂ, ನನ್ನ ತಾಯಿಗೆ ಒಂದು ನೆಟ್ಟಗಿನ ರೊಟ್ಟಿ ಸಿಗಲಿಲ್ಲ.

ನಾವು ಮಂಡ್ಯದ ಕಡೆಯ ಮುದ್ದೆ ಉಣ್ಣುವವರು. ಬಡಿದು ಬೇಯಿಸಿದ ಬಿಸಿ ರೊಟ್ಟಿಯನ್ನು ಅದರ ಊರಿನಲ್ಲೇ ತಿನ್ನಬೇಕೆಂಬುದು ಅಮ್ಮನ ಬಹುದಿನದ ಆಸೆ. ಬೆಳಿಗ್ಗೆ ಇಬ್ರಾಹಿಂ ರೋಜಾ ನೋಡಿದೆವು. ಗೋಳಗುಮ್ಮಟದಲ್ಲಿ ನಾನೊಬ್ಬನೇ ಏಳಂತಸ್ತಿನ ಮಿನಾರಿನ ಇಕ್ಕಟ್ಟು ಮೆಟ್ಟಿಲು ಹತ್ತಿ, ಪಿಸುಗುಟ್ಟುವ ಮೊಗಸಾಲೆಯಲ್ಲಿ ಶಾಲೆಯ ಮಕ್ಕಳ ಕೂಗಿಗೆ ಕಿವಿ ಮುಚ್ಚಿಕೊಂಡು ನಿಂತಿದ್ದಾಗ, ಅಮ್ಮ ಕೆಳಗೆ 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿಯ ಬಳಿ ಒದ್ದೆ ಸೆರಗು ಹಿಂಡಿಕೊಳ್ಳುತ್ತಿದ್ದರು. ಹೊರಬಿದ್ದಾಗ ಮಧ್ಯಾಹ್ನ ಮೂರು ಗಂಟೆ. ದಾರಿಯಲ್ಲಿ ಖಾನಾವಳಿಯೊಂದರ ಫಲಕ ಕಂಡು ನಿಲ್ಲಿಸಲು ಹೇಳಿದರೆ, ಆಟೋದವನು "ಅಲ್ಲಿ ಬ್ಯಾಡ್ರಿ ಸರ, ಅಮ್ಮಾರು ಅದಾರ, ಛಲೋ ಫ್ಯಾಮಿಲಿ ಹೋಟೆಲ್ಲಿಗೆ ಬಿಡ್ತೀನಿ" ಎಂದ. ನಾವು ಇಳಿದ ಮೇಲೆ ಅವನು ಗಲ್ಲಾಪೆಟ್ಟಿಗೆಯ ಕಡೆಗೆ ಯಾಕೆ ಹೋದನೆಂಬುದು ನನಗೆ ಹೊಳೆದದ್ದು ತಡವಾಗಿ.

ಪ್ಲಾಸ್ಟಿಕ್ ಹಾಕಿಸಿದ ಮೆನು ಕಾರ್ಡಿನ ಮೊದಲ ಮೂರು ಪುಟಗಳಲ್ಲಿ ಗೋಬಿ ಮಂಚೂರಿ, ಫ್ರೈಡ್ ರೈಸ್, ಪನೀರಿನ ಹತ್ತಾರು ಅವತಾರಗಳು. ಕೊನೆಯ ಪುಟದ ಮೂಲೆಯಲ್ಲಿ "ಉತ್ತರ ಕರ್ನಾಟಕ ಸ್ಪೆಷಲ್ ಥಾಲಿ, 260 ರೂಪಾಯಿ" ಎಂದಿತ್ತು. ಎರಡು ರೊಟ್ಟಿ ಬಂದವು. ಅಮ್ಮ ಒಂದನ್ನು ಮುರಿಯಲು ನೋಡಿದರು, ಮುರಿಯಲಿಲ್ಲ. ಹರಿಯಲು ನೋಡಿದರು, ಹರಿಯಲಿಲ್ಲ. ಚಪ್ಪಲಿಯ ಅಟ್ಟೆಯಂತೆ ಬಾಗಿ ಮತ್ತೆ ನೆಟ್ಟಗಾಯಿತು.

ಇಲ್ಲಿ ನಡೆದ ಮೋಸ ಸಣ್ಣದಲ್ಲ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬಿಸಿನೀರಿನಲ್ಲಿ ಕಲಸಿ, ನಾದಿ, ಕೈಯಿಂದ ಬಡಿದು, ಹಂಚಿನ ಮೇಲೆ ಹಾಕಿ ನೀರು ಸವರಿ ಬೇಯಿಸಿದ ರೊಟ್ಟಿಯನ್ನು ಉಬ್ಬಿದ ಕೂಡಲೇ ತಿನ್ನಬೇಕು. ಹಾಗಲ್ಲದಿದ್ದರೆ ಪೂರ್ತಿ ಒಣಗಿಸಿ ಕಟಕ್ ರೊಟ್ಟಿ ಮಾಡಿ, ಗಾಳಿಯಾಡದಂತೆ ಇಟ್ಟು, ವಾರಗಟ್ಟಲೆ ತಿನ್ನಬಹುದು. ನಮ್ಮ ತಟ್ಟೆಗೆ ಬಂದದ್ದು ಎರಡೂ ಅಲ್ಲ: ಮಳೆಯ ಥಂಡಿಗೆ ಮೆತ್ತಗಾದ ಹಳೆಯ ಕಟಕ್ ರೊಟ್ಟಿಯನ್ನೇ ಮತ್ತೆ ಬಿಸಿ ಮಾಡಿ "ಬಿಸಿ ರೊಟ್ಟಿ" ಎಂದು ತಂದಿಟ್ಟಿದ್ದರು. ಎಣ್ಣೆಗಾಯಿಯದು ಇನ್ನೊಂದು ಕಥೆ. ಶೇಂಗಾ, ಎಳ್ಳು, ಗುರೆಳ್ಳಿನ ಪುಡಿ ತುಂಬಿದ ಎಳೆ ಬದನೆಕಾಯಿಯ ಬದಲು, ಪನೀರಿಗೆಂದು ಮಾಡಿಟ್ಟ ಕೆಂಪು ಗ್ರೇವಿಯಲ್ಲಿ ನಾಲ್ಕು ಬದನೆ ಹೋಳುಗಳು ತೇಲುತ್ತಿದ್ದವು, ಅದೂ ಸಿಹಿಯಾಗಿ. ಶೇಂಗಾ ಚಟ್ನಿ ಕೇಳಿದರೆ ಟೊಮ್ಯಾಟೊ ಸಾಸ್ ಬಂತು!

ಬಿಸಿ ರೊಟ್ಟಿ ಬಡಿಯುವವರು ಯಾರೂ ಇಲ್ಲವೇ ಎಂದು ಕೇಳಿದೆ. "ರೊಟ್ಟಿ ಹೊರಗಿಂದ ಬರ್ತಾವ್ರಿ, ಬಂದವರೆಲ್ಲ ಫ್ರೈಡ್ ರೈಸೇ ಕೇಳ್ತಾರ" ಎಂದು ಬಡಿಸುವ ಹುಡುಗ ಅಂದ. ಹಾಗಾದರೆ ಮೆನುವಿನಲ್ಲಿ ಆ ಹೆಸರು ಯಾಕೆ, ಆ 260 ರೂಪಾಯಿ ಯಾಕೆ ಎಂದದ್ದಕ್ಕೆ ಮಾಲೀಕರು ಮೊಬೈಲಿನಿಂದ ತಲೆ ಎತ್ತದೆ, ಇಷ್ಟವಿಲ್ಲದಿದ್ದರೆ ಚಪಾತಿ ಕೊಡಿಸುತ್ತೇನೆ, ಅದಕ್ಕೆ ಬೇರೆ ಬಿಲ್ ಎಂದರು. ಅಮ್ಮ "ಬಿಡಪ್ಪ, ಮೊಸರನ್ನ ತಿಂದ್ಕೊಳ್ತೀನಿ" ಎಂದದ್ದು ನನಗೆ ಆ ರೊಟ್ಟಿಗಿಂತ ಹೆಚ್ಚು ಗಂಟಲಲ್ಲಿ ಸಿಕ್ಕಿಕೊಂಡಿತು.

ಕೈ ತೊಳೆಯಲು ಹಿಂದೆ ಹೋದಾಗ ಅದೇ ಹುಡುಗ ಮಳೆ ನೋಡುತ್ತಾ ಕಟ್ಟೆಯ ಮೇಲೆ ಕುಳಿತು ಬುತ್ತಿಯ ಗಂಟು ಬಿಚ್ಚುತ್ತಿದ್ದ. ಒಳಗೆ ಮಡಚಿದ ಮೆತ್ತನೆಯ ಬಿಳಿ ರೊಟ್ಟಿ, ಮಡಕಿ ಕಾಳಿನ ಪಲ್ಯ, ಕೆಂಪನೆಯ ಶೇಂಗಾ ಚಟ್ನಿ. ಇಲ್ಲಿಯೇ ಊಟ ಮಾಡುವುದಿಲ್ಲವೇನಪ್ಪ ಎಂದೆ.

"ಇಲ್ಲಿದು ಯಾರ್ ತಿಂತಾರ್ರಿ ಸರ" ಎಂದ.