ನಿಂತಲ್ಲೇ ನಡಿಗೆ

ಕಳೆದ ಭಾನುವಾರ ಹಾಸನದಲ್ಲಿ ನಮ್ಮೆಲ್ಲರ ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಾರ್ಯಕ್ರಮವಿತ್ತು. ಬೆಳಿಗ್ಗೆ 6ಕ್ಕೇ ಮೈದಾನದಲ್ಲಿರಬೇಕು ಅಂತ ವಾಟ್ಸಾಪ್‌ನಲ್ಲಿ ಮೂರು ಸಲ ಬಂದಿತ್ತು. ಹೋದೆ. 'ನಡೆಯಿರಿ, ರೋಗ ತಡೆಯಿರಿ' ಎಂದು ಬರೆದ ಟೀ ಶರ್ಟ್ ಕೊಟ್ಟರು. ಎಲ್ಲರಿಗೂ ಒಂದೇ ಸೈಜು. ನನಗೆ ಮೊಣಕಾಲು ಮುಟ್ಟಿತು.

ಮುಖ್ಯ ಅತಿಥಿಗಳು ಬರುವವರೆಗೆ ಯಾರೂ ನಡೆಯುವಂತಿಲ್ಲ. ಚಳಿ ತಡೆಯದೆ ನಾಲ್ಕು ಹೆಜ್ಜೆ ಹಾಕಿದ ಹಿರಿಯರೊಬ್ಬರನ್ನು ಮೈಕಿನಲ್ಲೇ ಗದರಿದರು: "ಮಂಕಿ ಟೋಪಿ ಯಜಮಾನ್ರೇ, ದಯವಿಟ್ಟು ಓಡಾಡಬೇಡಿ. ನಡಿಗೆ ಇನ್ನೂ ಶುರುವಾಗಿಲ್ಲ!"

ನಿಲ್ಲೋದು ಹಾಸನದವರಿಗೆ ಹೊಸದೇನಲ್ಲ. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ಗಂಟೆಗಟ್ಟಲೆ ನಿಂತು ಅಭ್ಯಾಸವಿದೆ. ಆದರೆ ಅಲ್ಲಿ ಸಾಲು ಮುಂದಕ್ಕೆ ಹೋಗುತ್ತದೆ.

ಹೊತ್ತು ಕಳೆಯಲಿ ಅಂತ ಡಾಕ್ಟರೊಬ್ಬರ ಕೈಗೆ ಮೈಕು ಕೊಟ್ಟರು. "ರಕ್ತ ತಳ್ಳೋಕೆ ಹೃದಯ ಇದೆ. ರೋಗ ತಡೆಯೋ ಕಣಗಳನ್ನ ಹೊತ್ತು ಮೈಯಲ್ಲಿ ಹರಿಯೋ ದ್ರವ ಇದೆಯಲ್ಲ, ದುಗ್ಧರಸ, ಅದಕ್ಕೆ ಅಂಥ ಪಂಪ್ ಇಲ್ಲ. ಕಾಲಿನ ಸ್ನಾಯು ಹಿಂಡಿದಷ್ಟೂ ಅದು ಚೆನ್ನಾಗಿ ಹರಿಯುತ್ತೆ. ಬಿರುಸಾಗಿ ನಡೆದರೆ ರಕ್ತನಾಳದ ಗೋಡೆಗೆ ಅಂಟಿ ಕೂತ ಬಿಳಿ ರಕ್ತಕಣಗಳು ಎದ್ದು ಗಸ್ತು ಹೊರಡುತ್ತವೆ. ನಡಿಗೆ ನಿಂತ ಮೇಲೆ ಒಂದೆರಡು ಗಂಟೆಯಲ್ಲಿ ರಕ್ತದಲ್ಲಿ ಅವುಗಳ ಸಂಖ್ಯೆ ಇಳಿಯುತ್ತೆ. ಹಾಗಾಗಿ ಒಂದು ದಿನದ ಜಾಥಾ ಸಾಲದು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ..." ಅಷ್ಟರಲ್ಲಿ ಚೀಟಿ ಬಂತು. ಜಾಥಾ ಸಾಲದು ಅಂದಿದ್ದು ವೇದಿಕೆಗೆ ಹಿಡಿಸಲಿಲ್ಲ ಅಂತ ಕಾಣುತ್ತೆ.

8.20ಕ್ಕೆ ಕಾರು ಬಂತು. ನೇರ ವೇದಿಕೆಯ ಮೆಟ್ಟಿಲ ಬುಡಕ್ಕೆ. ಪೇಟ, ಹಾರ, ಬಾವುಟ. ಅತಿಥಿಗಳು ನಮ್ಮ ಮುಂದೆ ಹನ್ನೆರಡು ಹೆಜ್ಜೆ ಹಾಕಿದರು. ಡ್ರೋನ್‌ನಲ್ಲಿ ಸರಿಯಾಗಿ ಬರಲಿಲ್ಲವಂತೆ. ವಾಪಸ್ ಬಂದು ಮತ್ತೆ ಹನ್ನೆರಡು. ಕಾರು ಹತ್ತಿದರು.

ನಾವು ಸರ್ಕಲ್‌ವರೆಗೆ ನಡೆದೆವು. 7 ನಿಮಿಷ. ನಿಂತಿದ್ದು 140 ನಿಮಿಷ. ಡಾಕ್ಟರ ಲೆಕ್ಕ ಮುಟ್ಟಬೇಕಾದರೆ ವಾರಕ್ಕೆ ಇಂಥ 22 ಉದ್ಘಾಟನೆ ಬೇಕು. ಅತಿಥಿಗಳಿಗೇನೂ ನಮ್ಮಲ್ಲಿ ಬರವಿಲ್ಲ, ಹಾರದ ಖರ್ಚು ನೋಡಬೇಕು ಅಷ್ಟೇ.

ಸರ್ಕಲ್‌ನಲ್ಲಿ ಬಿಸಿಬಿಸಿ ಆಲೂಗಡ್ಡೆ ಬೋಂಡ. ನಮ್ಮೂರ ಆಲೂಗಡ್ಡೆ, ಬೇಡ ಅನ್ನೋಕಾಗುತ್ತಾ? ನಾಲ್ಕು ತಿಂದೆ. 'ಇವರ ರೋಗನಿರೋಧಕ ಶಕ್ತಿ ವೃದ್ಧಿಯಾಗಿದೆ' ಎನ್ನುವ ಪ್ರಮಾಣಪತ್ರವನ್ನೂ ಕೊಟ್ಟರು. ನನ್ನದಕ್ಕೆ ಬೋಂಡದ ಎಣ್ಣೆ ಹತ್ತಿ ಸಹಿ ಇಳಿದುಹೋಯಿತು.

ನಡೆದು ಬಂದವರನ್ನು ಮೈದಾನಕ್ಕೆ ವಾಪಸ್ ಬಿಡಲು ಮಿನಿ ಬಸ್ ಇತ್ತು. ಸೀಟು ಹಿಡಿಯಲು ಜನ ಓಡಿದ್ದನ್ನು ನೋಡಬೇಕಿತ್ತು. ಡಾಕ್ಟರು ಹೇಳಿದ ಬಿಳಿ ಕಣಗಳೆಲ್ಲ ಆಗಲೇ ಎದ್ದಿರಬೇಕು. ನನಗೂ ಕಿಟಕಿ ಪಕ್ಕ ಸಿಕ್ಕಿತು. ಬಸ್ ಮಾತ್ರ ಹೊರಡಲಿಲ್ಲ.

"ಮುಂದೆ ರೋಡ್ ಬಂದ್ ಮಾಡವ್ರೆ ಸಾರ್. ಯಾವುದೋ ಜಾಥಾ ಅಂತೆ" ಎಂದ ಡ್ರೈವರ್.

ಕಿಟಕಿಯಿಂದ ಮೈದಾನದ ಗೇಟು ಕಾಣುತ್ತಿತ್ತು. ಇಪ್ಪತ್ತು ನಿಮಿಷ ಕಾದೆವು. ಯಾರೂ ಇಳಿಯಲಿಲ್ಲ.