ಮುಳಗಾಯಿ ವಿಷಯಕ್ಕೆ ಎಲ್ಲರೂ ಒಂದೇ ಕಡೆ

ಹೊಸ ತಂತ್ರಜ್ಞಾನ ಬೇಡ ಅನ್ನುವವರೆಲ್ಲ ಒಂದೇ ಪಕ್ಷದವರು ಎಂದು ಲೇಖಕರೊಬ್ಬರು ಬರೆದಿದ್ದಾರೆ. ಬಿಟಿ ಬದನೆ, ಅಂದರೆ ಹುಳ ತಡೆಯಲು ಬೇರೆ ಜೀವಿಯ ವಂಶವಾಹಿ ಸೇರಿಸಿದ ಮುಳಗಾಯಿ, ಅದರ ಗಲಾಟೆ ಮರೆತರಾ? ಬೇಡ ಎಂದು ಕೇರಳದ ಎಡ ಸರ್ಕಾರವೂ ಹೇಳಿತ್ತು, ಕರ್ನಾಟಕದ ಆಗಿನ ಬಿಜೆಪಿ ಸರ್ಕಾರವೂ ಹೇಳಿತ್ತು. 2010ರ ಫೆಬ್ರುವರಿಯಲ್ಲಿ ತಡೆದದ್ದು ಆಗಿನ ಕೇಂದ್ರ ಪರಿಸರ ಸಚಿವ, ಕಾಂಗ್ರೆಸ್ಸಿನ ಜೈರಾಮ್ ರಮೇಶ್. (ಆ ತಳಿ ಮಾಡಲು ಕೈಜೋಡಿಸಿದ್ದವರಲ್ಲಿ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಒಂದು!) ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. ಹಸಿರು ಶಾಲಿನವರಿಗೆ ಬೀಜ ಕೈತಪ್ಪುವ ಭಯ, ಸ್ವದೇಶಿಯವರಿಗೆ ವಿದೇಶಿ ಕಂಪನಿ ಮೇಲೆ ಸಿಟ್ಟು, ಹಾವೇರಿಯ ನಮ್ಮ ಅವ್ವನಿಗೆ ಎಣ್ಣೆಗಾಯಿ ರುಚಿ ಕೆಟ್ಟೀತೆಂಬ ಚಿಂತೆ. ಅದಕ್ಕೂ ಮೊದಲು ಹತ್ತಿ ಬಂದಾಗ ಈ ಒಗ್ಗಟ್ಟು ಇರಲಿಲ್ಲ ನೋಡಿ. ಬಿಟಿ ಹತ್ತಿಗೆ 2002ರಲ್ಲೇ ಒಪ್ಪಿಗೆ ಸಿಕ್ಕಿತು, ಈಗ ನಮ್ಮ ಕಡೆ ಹೊಲಗಳಲ್ಲೂ ಜಾಸ್ತಿ ಅದೇ. ಹತ್ತಿಯನ್ನು ಯಾರೂ ರೊಟ್ಟಿ ಜೊತೆ ತಿನ್ನಲ್ಲ, ಅಲ್ವಾ?