ತೋಟ ಮೊದಲು, ನಮ್ಮ ಮನೆ ಆಮೇಲೆ

ಮೂರು ದಿನದಿಂದ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು. ಪಕ್ಕದ ಬಾದಾಮಿ ತೋಟದ ಧೂಳು. ಕಾರಿನ ಮೇಲೆ ಧೂಳು, ಕಿಟಕಿಯಲ್ಲಿ ಧೂಳು, ಬೆಳಗಿನ ಜಾವಕ್ಕೇ ಯಂತ್ರದ ಸದ್ದು. ಕೌಂಟಿಗೆ, ಅಂದರೆ ಇಲ್ಲಿನ ಜಿಲ್ಲಾಡಳಿತಕ್ಕೆ, ದೂರು ಕೊಡೋಣ ಅನ್ನುತ್ತಿದ್ದಾರೆ. ಅವರಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಕ್ಯಾಲಿಫೋರ್ನಿಯಾದ ಟ್ರೇಸಿ ಹತ್ತಿರ. ಮನೆ ಕೊಳ್ಳುವಾಗ ಕಾಗದದ ದೊಡ್ಡ ಕಟ್ಟಿನಲ್ಲಿ ಒಂದು ಹಾಳೆ ಇತ್ತು, ನೆನಪಿದೆಯಾ? ಒಂದು ಮೈಲಿಯೊಳಗೆ ಬೇಸಾಯದ ಜಮೀನಿದೆ. ಸದ್ದು, ವಾಸನೆ, ಧೂಳು, ಹೊಗೆ, ಹುಳಹುಪ್ಪಟೆ ಇರಬಹುದು. ಹಗಲು ರಾತ್ರಿ ಯಂತ್ರ ಓಡಬಹುದು. ಅದರಲ್ಲಿ ಬರೆದಿದ್ದು ಇಷ್ಟು. ಓದಿದೆವೋ ಇಲ್ಲವೋ, ಸಹಿಯಂತೂ ಹಾಕಿದೆವು.

ಈ ಹಾಳೆಯ ಹಿಂದಿರುವುದು ರೈಟ್ ಟು ಫಾರ್ಮ್, ಅಂದರೆ ಬೇಸಾಯ ಮಾಡುವ ಹಕ್ಕು. 1981ರಲ್ಲಿ ಈ ರಾಜ್ಯ ಮಾಡಿದ ಕಾನೂನು. ಮೂರು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಸರಿಯಾಗಿ ನಡೆದುಬಂದ ಬೇಸಾಯವನ್ನು, ಸುತ್ತ ಮನೆಗಳು ಎದ್ದವು ಅನ್ನುವ ಕಾರಣಕ್ಕೆ ನ್ಯೂಸೆನ್ಸ್ ಅಂತ ಕೋರ್ಟಿಗೆ ಎಳೆಯುವ ಹಾಗಿಲ್ಲ. ನಮ್ಮ ಸ್ಯಾನ್ ವಾಕೀನ್ ಕೌಂಟಿಗೂ ತನ್ನದೇ ನಿಯಮವಿದೆ.

ಬಾದಾಮಿ ಕೊಯ್ಲು ನೋಡಿದ್ದೀರಾ? ಯಂತ್ರ ಮರದ ಬುಡ ಹಿಡಿದು ಕೆಲವೇ ಸೆಕೆಂಡು ಅಲ್ಲಾಡಿಸುತ್ತದೆ. ಕಾಯೆಲ್ಲ ಉದುರುತ್ತದೆ. ಒಂದು ವಾರ, ಹತ್ತು ದಿನ ನೆಲದಲ್ಲೇ ಒಣಗಬೇಕು. ಆಮೇಲೆ ಗುಡಿಸಿ ಸಾಲು ಮಾಡಿ ಎತ್ತುತ್ತಾರೆ. ಮಳೆಯಿಲ್ಲದ ಬೇಸಿಗೆಯ ಮಣ್ಣು, ಗುಡಿಸಿದರೆ ಧೂಳು ಏಳದೆ ಇರುತ್ತದಾ? ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಇಷ್ಟು ಸಹಿಸಬೇಕು. ಫೆಬ್ರವರಿಯಲ್ಲಿ ಹೂ ಬಿಟ್ಟಾಗ ಫೋಟೋ ತೆಗೆಸಿಕೊಳ್ಳಲು ಅದೇ ತೋಟದ ಅಂಚಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರೂ ನಾವೇ ಅಲ್ವಾ?

ಹಾಗಂತ ರೈತ ಏನು ಮಾಡಿದರೂ ಸರಿ ಅನ್ನುತ್ತಿಲ್ಲ. ಔಷಧಿ ಗಾಳಿಗೆ ಹಾರಿ ನಮ್ಮ ಅಂಗಳಕ್ಕೆ ಬಂದರೆ ಕೌಂಟಿಯ ಕೃಷಿ ಕಮಿಷನರ್ ಕಚೇರಿಗೆ ದೂರು ಕೊಡಲೇಬೇಕು. 2025ರ ಮಾರ್ಚ್‌ನಿಂದ ಸ್ಪ್ರೇಡೇಸ್ ಅನ್ನುವ ಸರ್ಕಾರಿ ವ್ಯವಸ್ಥೆ ಇದೆ. ವಿಳಾಸ ಕೊಟ್ಟಿಟ್ಟರೆ, ಹತ್ತಿರದ ಹೊಲದಲ್ಲಿ ನಿರ್ಬಂಧಿತ ಪಟ್ಟಿಯ ಔಷಧಿ ಹೊಡೆಯುವ ಮೊದಲೇ ಮೊಬೈಲಿಗೆ ಸಂದೇಶ ಬರುತ್ತದೆ. ಮಕ್ಕಳಿರುವ ಮನೆಯವರು ಇವತ್ತೇ ಹೆಸರು ಸೇರಿಸಿ. ಆದರೆ ವಿಷ ಬೇರೆ, ಕೊಯ್ಲಿನ ಧೂಳು ಬೇರೆ.

ನನಗೆ ಇಷ್ಟು ಸಂಕಟವಾಗಲು ಕಾರಣವಿದೆ. ದೊಡ್ಡಬಳ್ಳಾಪುರದ ಕಡೆ ನಮ್ಮ ಚಿಕ್ಕಪ್ಪ ನಾಲ್ಕು ಹಸು ಕಟ್ಟಿಕೊಂಡಿದ್ದರು. ತಾತನ ಕಾಲದ ಕೊಟ್ಟಿಗೆ. ಪಕ್ಕದ ರಾಗಿ ಹೊಲ ಲೇಔಟ್ ಆಯಿತು. ಮನೆ ಕಟ್ಟಿಕೊಂಡು ಬಂದವರಿಗೆ ತಿಪ್ಪೆ ವಾಸನೆ ಹಿಡಿಸಲಿಲ್ಲ. ದೂರಿನ ಮೇಲೆ ದೂರು. "ನಾನು ಎಲ್ಲಿಗೆ ಹೋಗ್ಲಪ್ಪಾ?" ಅಂತ ಚಿಕ್ಕಪ್ಪ ಫೋನಿನಲ್ಲಿ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಹಸು ಮಾರಿದರು. ಸೈಟು ಮಾರುವ ದಿನವೇ ಆ ಜನರ ಕೈಗೆ ಇಂಥ ಒಂದು ಹಾಳೆ ಕೊಟ್ಟಿದ್ದರೆ, ಬೇಡ ಅನ್ನುವವರು ಆಗಲೇ ಬೇಡ ಅನ್ನುತ್ತಿದ್ದರು. ನಮ್ಮಲ್ಲೂ ಜಮೀನು ಪರಿವರ್ತನೆ ಮಾಡಿಕೊಡುವಾಗ ಇದನ್ನು ಕಡ್ಡಾಯ ಮಾಡಬೇಕು.

ಆ ಹಾಳೆಯ ಫೋಟೋವನ್ನು ರಾತ್ರಿ ಗುಂಪಿನಲ್ಲಿ ಹಾಕುತ್ತೇನೆ. ದೂರಿಗೆ ನಮ್ಮ ಮನೆಯ ಸಹಿ ಇರುವುದಿಲ್ಲ.